ನಮ್ಮ ಅಡುಗೆಮನೆ ಮೇಲಿನ ರೈಲು

ನಡುಬೈಲು
ಶುಕ್ರವಾರ, 2-4-2010

ಚಿರಂಜೀವಿ ರವಿಚಂದ್ರನಿಗೆ ನಿನ್ನ ಅಕ್ಕ ಸರಸ ಮಾಡುವ ಆಶೀರ್ವಾದ. ಆಶೀರ್ವಾದ ಬರೆಯದೆ ತಮ್ಮನಿಗೆ ಪತ್ರ ಸುರು ಮಾಡಬಾರದು ಎಂದು ಅಮ್ಮ ಕಲಿಸಿದ್ದಳು, ಅದಕ್ಕೆ ಬರೆದೆ. ನಿನ್ನ ಕ್ಷೇಮ ಕೇಳುವಷ್ಟು ಮನಸ್ಸು ಇವತ್ತು ತಣ್ಣಗಿಲ್ಲ.

ಇವತ್ತು ಸಂಕಷ್ಟಿ. ಚಂದ್ರ ಕಾಣುವವರೆಗೆ ನನಗೆ ಅನ್ನ ಇಲ್ಲ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ದನಕ್ಕೆ ಅಕ್ಕಚ್ಚು ಇಟ್ಟು, ಹಾಲು ಕರೆದು, ತುಳಸಿಗೆ ನೀರು ಹಾಕಿ, ಹಟ್ಟಿಯಂಗಡಿ ಗಣಪತಿಗೆ ಇಲ್ಲಿಂದಲೇ ಕೈಮುಗಿದು, ಹಲಸಿನ ಹಪ್ಪಳ ಬಿಸಿಲಿಗೆ ಹಾಕಿದ್ದೇನೆ. ಅದರ ಹತ್ತಿರ ಕೂತು ಕಾಗೆ ಓಡಿಸುತ್ತಾ ಬರೆಯುತ್ತಿದ್ದೇನೆ. ಉಪವಾಸದ ದಿನ ಸಿಟ್ಟು ಮಾಡಬಾರದಂತೆ. ಗಣಪತಿ ಕ್ಷಮಿಸಲಿ, ನಾನು ಮಾಡುತ್ತೇನೆ.

ಹಳಿಯ ಈಚೆ ನಾನು, ಆಚೆ ನೀನು. ನಿನ್ನ ಕಲ್ಯಾಣಮಂಟಪದ ಶೀಟು ಇಲ್ಲಿಂದ ಹೊಳೆಯುತ್ತದೆ. ಒಂದು ಕೂಗಿಗೆ ಕೇಳುವಷ್ಟು ದೂರದವನಿಗೆ ಪತ್ರ ಯಾಕೆ ಎಂದು ನೀನು ನಗಾಡಬಹುದು. ಬಾಯಿಮಾತಿನಲ್ಲಿ ನಿನ್ನನ್ನು ಗೆದ್ದವರಿಲ್ಲ, ಅದಕ್ಕೆ. ನಾನು ಅರ್ಧ ಹೇಳುವಷ್ಟರಲ್ಲಿ ನೀನು, "ಅಕ್ಕಾ, ನೀ ಒಂಚೂರ್ ಸುಮ್ನಿರ್, ನಿಂಗೆ ಇದೆಲ್ಲ ಗೊತ್ತಾತಿಲ್ಲೆ" ಎನ್ನುತ್ತೀ. ಕಾಗದದ ಬಾಯಿ ಮುಚ್ಚಿಸು ನೋಡುವ.

ಭಾನುವಾರ ನೀನು ನಿನ್ನ ಹೆಂಡತಿ ಸರೋಜಳ ಕೈಯಲ್ಲಿ ಕಳಿಸಿದ ಎರಡೂ ಕಾಗದ ಓದಿದೆ. ಒಂದು, ನಮ್ಮ ಸ್ಟೇಷನ್ನಿನ ವಾರ್ಷಿಕೋತ್ಸವದ ಪುಸ್ತಕಕ್ಕೆ ನೀನು ಬರೆದ ರೈಲಿನ ಚರಿತ್ರೆ. ಇನ್ನೊಂದು, ನಾನು ರುಜು ಹಾಕಬೇಕಾದದ್ದು.

ಚರಿತ್ರೆ ಚೆಂದ ಬರೆದಿದ್ದೀ. ಮೊದಲು ಬೊಂಬಾಯಿಗೆ ಹೋಗುವವರು ರಾತ್ರಿಹಗಲು ಬಸ್ಸಿನಲ್ಲಿ ವಾಂತಿ ಮಾಡುತ್ತಾ ಹೋಗುತ್ತಿದ್ದದ್ದು, ಬಾರ್ಕೂರಿನಲ್ಲಿ ಹೂವಿನ ಮಾಲೆ ಹಾಕಿಸಿಕೊಂಡು ಬಂದ ಇಂಜಿನಿಗೆ ನಮ್ಮೂರಿನವರು ಆರತಿ ಎತ್ತಿದ್ದು, ಬೈಂದೂರಿನ ಮೀನು, ಬ್ರಹ್ಮಾವರದ ಸೌತೆಕಾಯಿ ಎಲ್ಲಾ ದೂರದ ಪೇಟೆ ಕಂಡದ್ದು. ಕುಂದಾಪುರದ ಸ್ಟೇಷನ್ನಿನಲ್ಲಿ ಇಳಿದವರು ಪೇಟೆ ಎಲ್ಲಿ ಎಂದು ಹುಡುಕಿದ್ದನ್ನೂ ತಮಾಷೆಯಾಗಿ ಬರೆದಿದ್ದೀ. ಅದೆಲ್ಲ ನಿಜವೇ. ಆದರೆ ಹಳಿ ಹಾಕುವಾಗ ಎದ್ದ ಕೆಂಪು ಧೂಳು ನಮ್ಮ ಗಂಜಿಗೆ ಬಿದ್ದದ್ದು ಬರೆಯಲಿಲ್ಲ. ಬಯಲುಸೀಮೆಯಿಂದ ಬಂದ ಮಣ್ಣುಕೆಲಸದ ಹೆಂಗಸರು ಮಗುವನ್ನು ಗೋಣಿಯ ಜೋಲಿಯಲ್ಲಿ ತೂಗಿ ಕಲ್ಲು ಹೊತ್ತದ್ದು ಬರೆಯಲಿಲ್ಲ. ಯಾವ ಮನೆ ಹೋಯಿತು ಎಂದು ಒಂದು ಸಾಲೂ ಇಲ್ಲ. ಅದರ ಬದಲು ಇದನ್ನು ಬರೆದಿದ್ದೀ: "ನಡುಬೈಲಿನ ನಾಗನ ಕಾರಣಿಕದಿಂದ ರೈಲು ಮಾರ್ಗವೇ ಬಾಗಿ ಹೋಯಿತು."

ಬಾಗಿದ ಮಾರ್ಗ ಯಾರ ಮೇಲೆ ಬಂತು, ತಮ್ಮಾ? ನನ್ನ ಗಂಡನ ಮನೆ ಮೇಲೆ.

ನಿನಗೆ ಮರೆತಿರಬಹುದು. ಮೊದಲು ಗೂಟ ಬಿದ್ದದ್ದು ನಿನ್ನ ಮನೆಯೆದುರಿನ ದೊಡ್ಡ ಗದ್ದೆಯಲ್ಲಿ. ಆ ವಾರವೇ ಗದ್ದೆಯ ಅಂಚಿನ ಹುತ್ತದ ಅಡಿಯಲ್ಲಿ ನಿನಗೆ ನಾಗನ ಕಲ್ಲು ಸಿಕ್ಕಿತು. ಅಜ್ಜಿಯ ಕಾಲಕ್ಕೂ ಹಿಂದಿನ, ಪೂಜೆ ತಪ್ಪಿಹೋದ ಮೂಲ ನಾಗಬನ ಎಂದೆ. ಅಮ್ಮ ಮಣ್ಣಿನಲ್ಲೇ ಅಡ್ಡಬಿದ್ದು ಅತ್ತಳು. ನಾನೂ ಅಡ್ಡಬಿದ್ದೆ. ಸುದ್ದಿ ಕೇಳಿ ರೈಲಿನವರು ಚಪ್ಪಲಿ ಕಳಚಿ ಬಂದು ನೋಡಿದರು. ನಮ್ಮ ಕಡೆ ನಾಗನ ತಂಟೆಗೆ ಹೋಗುವವರು ಯಾರಿದ್ದಾರೆ? ಕೂಲಿಯವರು ಹಾರೆ ಕೆಳಗಿಟ್ಟರು. ಗೂಟ ಕಿತ್ತು ಮೂಡು ಬದಿಗೆ ಹಾಕಿದರು. ಆ ಗೂಟ ನಮ್ಮ ಅಡುಗೆಮನೆಯ ಒಲೆ ಹತ್ತಿರ ಬಿತ್ತು.

ನಿನ್ನ ಭಾವ ತಕರಾರು ಎತ್ತಲಿಲ್ಲ. "ನಾಗ ಜಾಗ ಕೇಂಡ್ರೆ ಇಲ್ಲೆ ಅಂಬುಕಾತ್ತಾ" ಎಂದು ಹೇಳಿ ಮಾಡಿನ ಹಂಚು ತಾವೇ ಇಳಿಸಿದರು. ಹೊಸಿಲಿಗೆ ನೀರು ಬಿಟ್ಟು ಕೈಮುಗಿದು ಹೊರಗೆ ಬಂದರು. ಉಳಿದ ತುಂಡು ಜಾಗದಲ್ಲಿ ಈ ಪುಟ್ಟ ಮನೆ ಕಟ್ಟಿದೆವು. ಬೊಂಬಾಯಿವರೆಗೆ ರೈಲು ಓಡಲು ಸುರುವಾದ ದಿನ ಅವರು ನನ್ನನ್ನು ಅಂಗಳಕ್ಕೆ ಕರೆದು, "ಕಾಣ್ ಸರಸಾ, ನಮ್ಮ ಅಡ್ಗಿಮನಿ ಮೇಲ್ ಬೊಂಬಾಯಿ ಹೋತಿತ್" ಎಂದು ನಗಾಡಿದರು. ಆಮೇಲೆ ಲಾರಿಗಳನ್ನು ಬೆನ್ನ ಮೇಲೆ ಹೊತ್ತ ರೈಲು ಬಂದಾಗ, "ನಮ್ಮ ಒಲೆ ಮೇಲ್ ಈಗ ಲಾರಿಯೂ ಬೇಯ್ತ್" ಎಂದರು. ನಗಾಡುತ್ತಲೇ ಹೋದರು ಪುಣ್ಯಾತ್ಮರು. ಸಾಯುವ ವರ್ಷದ ನಾಗರಪಂಚಮಿಗೂ ಕೋಲು ಊರಿಕೊಂಡು ಹಳಿ ದಾಟಿ ನಿನ್ನ ಗದ್ದೆಗೆ ಬಂದು ಆ ಕಲ್ಲಿಗೆ ಹಾಲು, ಎಳನೀರು ಎರೆದರು. ಮಳೆಯಲ್ಲಿ ನಾನು ಕೊಡೆ ಹಿಡಿದಿದ್ದೆ.

ನಾನು ಇಷ್ಟು ವರ್ಷ ಬದುಕಿದ್ದು ಒಂದೇ ಸಮಾಧಾನದ ಮೇಲೆ. ಮನೆ ಹೋದದ್ದು ದೇವರಿಗಾಗಿ ಎಂದು.

ಭಾನುವಾರ ಸರೋಜ ಕಾಗದ ಕೊಟ್ಟವಳು ಕೂಡಲೇ ಹೋಗಲಿಲ್ಲ. ನಾನು ಕೊಟ್ಟ ಚಾ ತಣಿಯುವವರೆಗೆ ಸೆರಗು ತಿರುಚುತ್ತಾ ಕೂತಳು. ಮಗಳು ರಮಿತಾಳ ಕೈಮೇಲೆ ಎದ್ದ ತುರಿ ಗುಣವಾಗಲಿಲ್ಲ, ಇದು ಸರ್ಪದೋಷವೇ ಎಂದು ಅಳಲು ಸುರು ಮಾಡಿದಳು. "ಮಗಳ ತುರಿಗೂ ನಾಗನಿಗೂ ಎಂತ ಸಂಬಂಧ ಹೆಣೆ" ಎಂದು ನಾನು ಗದರಿಸಿದೆ. ಆಗ ಅವಳ ಬಾಯಿ ಒಡೆಯಿತು. "ಅತ್ಗೆ, ನಂಗೆ ಇನ್ ಹೊತ್ಕಂಬ್ಕ್ ಆತಿಲ್ಲೆ. ಆ ಕಲ್ಲ್ ನಮ್ಮ ಗದ್ದಿದ್ ಅಲ್ಲ. ಗುಲ್ವಾಡಿ ಹೊಳಿಂದ ತಂದದ್."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಮತ್ತೆ ಎಲ್ಲ ಹೇಳಿದಳು. ಯಾರದೋ ಬನದಲ್ಲಿ ಹೆಡೆ ಮುರಿದ ಕಲ್ಲನ್ನು, ಭಿನ್ನವಾದದ್ದಕ್ಕೆ ಪೂಜೆ ಇಲ್ಲವೆಂದು, ಶಾಸ್ತ್ರಪ್ರಕಾರ ಹೊಳೆಗೆ ಬಿಟ್ಟಿದ್ದರು. ಬೇಸಿಗೆಯಲ್ಲಿ ನೀರು ಇಳಿದಾಗ ಅದು ನಿನ್ನ ಕಣ್ಣಿಗೆ ಬಿತ್ತು. ಗೋಣಿಯಲ್ಲಿ ಸುತ್ತಿ ತಂದು ಹುತ್ತದ ಅಡಿ ಹುಗಿದೆ. ಹೆಡೆಯ ಮುರಿದ ಬದಿಯನ್ನು ಹಿಂದಕ್ಕೆ ಮಾಡಿ ಅರಸಿನ ಮೆತ್ತಿದೆ. ಪ್ರತಿ ಪಂಚಮಿಗೆ ಅರಸಿನ ಹಚ್ಚುವ ಕೆಲಸ ಯಾರಿಗೂ ಬಿಡದೆ ನೀನೇ ಮಾಡುವಾಗ ನಾವು, ರವಿಗೆ ಎಷ್ಟು ಭಕ್ತಿ ಎಂದು ಹೊಗಳುತ್ತಿದ್ದೆವು.

ರವಿ, ನೀನು ಬರೀ ಒಂದು ಗದ್ದೆ ಉಳಿಸಿಕೊಳ್ಳಲು ಸುಳ್ಳು ಹೇಳಿದ್ದರೆ ನಾನು ಬೈದು ಬಿಡುತ್ತಿದ್ದೆ. ಗದ್ದೆ ಯಾರಿಗೆ ಬೇಡ? ನೀನು ಬಂದು, "ಅಕ್ಕಾ, ನಂದ್ ಹೋಪುದಕ್ಕಿಂತ ನಿಂದ್ ಹೋಗ್ಲಿ" ಎಂದು ಎದುರೇ ಹೇಳಬಹುದಿತ್ತು. ಜಗಳ ಮಾಡುತ್ತಿದ್ದೆವು, ಕೋರ್ಟಿಗೆ ಹೋಗುತ್ತಿದ್ದೆವು. ನೀನು ದೇವರನ್ನು ಮುಂದೆ ನಿಲ್ಲಿಸಿ ಹಿಂದಿನಿಂದ ನಮ್ಮನ್ನು ದೂಡಿದೆ. ನಾಗ ಎಂದರೆ ಬಾಯಿ ಮುಚ್ಚುವವರು ನಾವು ಎಂದು ನಿನಗೆ ಗೊತ್ತಿತ್ತು. ನಮ್ಮ ಭಯಭಕ್ತಿಯನ್ನೇ ಹಿಡಿದು ನಮ್ಮ ಮನೆ ಒಡೆದೆ. ಅದೂ ಆ ಗದ್ದೆಯಲ್ಲಿ ಬೇಸಾಯವಾದರೂ ಮಾಡಿದೆಯಾ? ಮಣ್ಣು ತುಂಬಿಸಿ ಮಂಟಪ ಕಟ್ಟಿದೆ. ರೈಲಿನಲ್ಲಿ ಇಳಿದ ದಿಬ್ಬಣ ನೆಟ್ಟಗೆ ನಿನ್ನ ಊಟದ ಹಾಲಿಗೆ ಬರುತ್ತದೆ.

ಇನ್ನು ನನ್ನ ರುಜುವಿನ ವಿಷಯ. ಈಗ ಸ್ಟೇಷನ್ನಿಗೆ ಎರಡನೇ ಹಳಿ ಬರುತ್ತದಂತೆ. ಹೋದ ವಾರ ಗೂಟ ನಿನ್ನ ಮಂಟಪದ ಅಂಗಳದಲ್ಲಿ, ಆ ಬನವನ್ನೂ ಸೇರಿಸಿ ಬಿದ್ದಿದೆ. ನಿನ್ನ ಮನೆ ಹೋಗುವುದಿಲ್ಲ, ಮಂಟಪವೂ ಹೋಗುವುದಿಲ್ಲ. ಕಾರು ನಿಲ್ಲಿಸುವ ಜಾಗ ಹೋಗುತ್ತದೆ, ಅಷ್ಟೇ. ಅಷ್ಟಕ್ಕೆ ನಿನಗೆ ಪುನಃ ನಾಗ ಬೇಕು. ಆದರೆ ಈಗಿನ ಆಫೀಸರರು ಬಾಯಿಮಾತು ಕೇಳುವುದಿಲ್ಲವಂತೆ. ಹಿರಿಯರಿಂದ ಪೂಜೆಗೊಂಡ ಮೂಲಸ್ಥಾನ ಎಂದು ಮನೆತನದವರು ಬರೆದುಕೊಟ್ಟರೆ ಮಾತ್ರ ಬೇರೆ ಬದಿ ನೋಡುತ್ತಾರಂತೆ. ನಮ್ಮದು ಅಳಿಯಸಂತಾನದ ಮನೆ, ನಾಗ ದೈವ ಎಲ್ಲ ಹೆಣ್ಣಿನ ಸಂತಾನಕ್ಕೆ ಸೇರಿದ್ದು, ಹಿರಿ ಹೆಂಗಸಿನ ಮಾತಿಗೆ ತೂಕ ಇದೆ. ಮಂಟಪದ ಗೃಹಪ್ರವೇಶಕ್ಕೆ ನನ್ನನ್ನು ಪಂಕ್ತಿಯ ಕೊನೆಯಲ್ಲಿ ಕೂರಿಸಿದಾಗ ಈ ಕಟ್ಟಳೆ ನಿನಗೆ ನೆನಪಿರಲಿಲ್ಲ.

ಬೇರೆ ಬದಿ ಎಂದರೆ ಯಾವುದು? ಮೂಡು ಬದಿ. ನನ್ನ ಬೇಲಿಯಾಚೆ, ಹಳಿಗೆ ತಾಗಿಯೇ ಇರುವ ಕುಷ್ಟನ ಮನೆ.

ನಮ್ಮ ಮನೆ ಒಡೆದ ದಿನ ನೀನು ಕುಂದಾಪುರದಲ್ಲಿ ಕೆಲಸ ಇದೆ ಎಂದು ಹೋಗಿದ್ದೆ. ನನ್ನ ಅರೆಯುವ ಕಲ್ಲನ್ನು ಹೆಗಲ ಮೇಲೆ ಹೊತ್ತು ತಂದವನು ಈ ಕುಷ್ಟ. ಹೊಸ ಮನೆಗೆ ಮಾಡು ಆಗುವವರೆಗೆ ನಾವು ಮಲಗಿದ್ದು ಅವನ ಜಗಲಿಯಲ್ಲಿ. ಅವನ ಹೆಂಡತಿ ವನಜ ನಮಗೆ ಗಂಜಿ ಬಡಿಸದೆ ತಾನು ಉಣ್ಣಲಿಲ್ಲ. ಗೂಟದವರು ಬಂದುಹೋದದ್ದನ್ನು ಕಂಡಿದ್ದ ಅವನು ನಿನ್ನೆ ಬೇಲಿಯಾಚೆಯಿಂದ ಕೂಗಿದ: "ಹ್ವಾಯ್ ಸರಸಕ್ಕ, ಈ ಸಲ ರೈಲ್ ಎಲ್ಲಿ ಬತ್ತೋ ಕಾಂಬ. ನಮ್ಮನಿ ಹಿಂದೆ ನಾಗ ಇಲ್ಲೆ ಮಾರಾಯ್ರೆ, ಒಂದ್ ಬಸಳೆ ಚಪ್ಪರ ಇತ್. ಬಸಳೆಗೆ ರೈಲ್ ಹೆದ್ರತ್ತಾ?"

ಅವನು ನಗಾಡಿದ. ನನಗೆ ನಗು ಬರಲಿಲ್ಲ. ಒಳಗೆ ಬಂದೆ. ನಿನ್ನ ಭಾವನೂ ಹೀಗೇ ನಗಾಡಿಕೊಂಡು ಮನೆ ಬಿಟ್ಟುಕೊಟ್ಟವರು.

ನಾನು ರುಜು ಹಾಕುವುದಿಲ್ಲ. ಸರೋಜಳ ಮೇಲೆ ಕೈ ಎತ್ತಬೇಡ, ನಾಲಿಗೆಯನ್ನೂ ಎತ್ತಬೇಡ. ಅವಳು ಇಷ್ಟು ವರ್ಷ ಉರಿ ನುಂಗಿದ್ದು ಸಾಕು. ರಮಿತಾಳನ್ನು ನಾಳೆಯೇ ಕುಂದಾಪುರದಲ್ಲಿ ಚರ್ಮದ ಡಾಕ್ಟರಿಗೆ ತೋರಿಸು. ಅಪ್ಪನ ಹಗೆಯನ್ನು ಮಗುವಿನ ಮೈಮೇಲೆ ತೀರಿಸುವಷ್ಟು ಸಣ್ಣವನಲ್ಲ ನಾಗ. ಆ ಬುದ್ಧಿ ಮನುಷ್ಯರದ್ದು.

ಗೂಟದವರು ಸೋಮವಾರ ಬರುತ್ತಾರೆ. ಅಷ್ಟರೊಳಗೆ ನೀನೇ ಅವರಿಗೆ, ಬನ ಹಿರಿಯರದ್ದಲ್ಲ, ಗೂಟ ಬಿದ್ದಲ್ಲೇ ಹಳಿ ಹಾಕಿ ಎಂದು ಹೇಳಿದರೆ ನಾನು ಊರೆದುರು ಬಾಯಿ ಬಿಡುವುದಿಲ್ಲ. ಚರಿತ್ರೆಯ ಆ ಸಾಲು ಹೊಡೆದುಹಾಕು. ನೀನು ಹೇಳದಿದ್ದರೆ ನಾನು ಹೇಳುತ್ತೇನೆ. ಅವರು ಹಿರಿ ಹೆಂಗಸಿನ ಮಾತು ಕೇಳಿದ್ದಾರಲ್ಲ, ಕೊಡುತ್ತೇನೆ.

ನೀನು ಕಳಿಸಿದ ಕಾಗದದ ಹಿಂಬದಿಯಲ್ಲೇ ನನ್ನ ಉತ್ತರ ಬರೆದು ದೇವರ ಕೋಣೆಯಲ್ಲಿ ಇಟ್ಟಿದ್ದೇನೆ. "ಈ ಕಲ್ಲು ನಮ್ಮ ಹಿರಿಯರದ್ದಲ್ಲ" ಎಂದು ಒಂದೇ ಸಾಲು, ಕೆಳಗೆ ನನ್ನ ಹೆಸರು. ಅದು ನಿನ್ನ ಕೈಗೇ ಬರಬೇಕು, ಆಫೀಸರರಿಗೆ ನೀನೇ ಕೊಡಬೇಕು. ಈ ಪತ್ರವನ್ನು ನಿನ್ನ ಆಳು ಸುಬ್ಬನ ಕೈಯಲ್ಲಿ ಕಳಿಸುತ್ತೇನೆ, ಆದರೆ ಉತ್ತರ ಒಯ್ಯಲು ಅವನನ್ನು ಕಳಿಸಬೇಡ. ಸರೋಜಳನ್ನೂ ಅಳಿಸಿ ಕಳಿಸಬೇಡ. ಕುಷ್ಟನನ್ನು ಕಳಿಸು. ಅವನ ಅಂಗಳಕ್ಕೆ ನೀನೇ ಹೋಗಿ, ಆ ಜಗಲಿಯಲ್ಲಿ ಕೂತು, "ಅಕ್ಕನ ಹತ್ರ ಒಂದ್ ಕಾಗ್ದ ಇತ್, ತಂದ್ ಕೊಡ್ತ್ಯಾ" ಎಂದು ಕೇಳು. ಅವನ ಮುಖ ನೋಡಿ ಕೇಳು.

ಇತಿ ನಿನ್ನ ಅಕ್ಕ
ಸರಸ

ಮತ್ತೊಂದು ಮಾತು. ಹಳಿ ಬರುವಾಗ ಆ ಕಲ್ಲನ್ನು ತೆಗೆಯಬೇಕಾಗುತ್ತದೆ. ಪುನಃ ಹೊಳೆಗೆ ಬಿಸಾಡಬೇಡ, ನನ್ನಲ್ಲಿಗೆ ಕಳಿಸು. ಬಾವಿಕಟ್ಟೆಯ ಪಕ್ಕ ಜಾಗ ಹಸನು ಮಾಡಿ ಸೆಗಣಿ ಸಾರಿಸಿದ್ದೇನೆ. ಅದರಲ್ಲಿ ನಾಗ ಇದ್ದಾನೋ ಇಲ್ಲವೋ ನನಗೆ ತಿಳಿಯದು. ಅದನ್ನು ಹುಗಿದ ನಿನ್ನ ಕೈ ಸುಳ್ಳು, ಆದರೆ ನಿನ್ನ ಭಾವ ಎರೆದ ಹಾಲು ಸುಳ್ಳಲ್ಲ. ಮುರಿದ ಕಲ್ಲನ್ನು ಮನೆಯಂಗಳದಲ್ಲಿ ಇಡಬಾರದು ಎಂದು ಭಟ್ಟರು ಬೈಯುತ್ತಾರೆ, ಗೊತ್ತು. ಬೈಯಲಿ. ನಾನೂ ಆ ಕಲ್ಲೂ ಒಂದೇ ರೈಲಿಗೆ ಜಾಗ ಬಿಟ್ಟವರು, ಒಟ್ಟಿಗೆ ಇರುತ್ತೇವೆ.