ಕಣ್ಣೀರಿನಷ್ಟು ಉಪ್ಪು

ಖಾಲಡಾಂಡಾ, ಅರ್ಘಾಖಾಂಚಿ
ಭಾದ್ರ ೧೭, ಮಂಗಳವಾರ

ಯಾಮಕಲಾಳ ಮಿತಿನಿ, ಅವಳು ಶಾಸ್ತ್ರ ಮಾಡಿ ಕಟ್ಟಿಕೊಂಡ ಗೆಳತಿ ಜುನಮಾಯಾ ಅವರಿಗೆ, ಅವಳ ಗಂಡ ಹೋಮನಾಥನ ನಮಸ್ಕಾರ.

ಮಿತಿನಿಜ್ಯೂ, ಈ ಗುರುವಾರ ಬರಬೇಡಿ. ಹದಿಮೂರನೆಯ ದಿನದ ಕೆಲಸ ಮುಂದಿನ ವಾರದ ಶನಿವಾರಕ್ಕೆ ಹೋಗಿದೆ. ಇಷ್ಟು ಹೇಳುವುದಕ್ಕೇ ಈ ಪತ್ರ. ಫೋನನ್ನು ತಮ್ಮ ಪೀತಾಂಬರ ತೆಗೆದಿಟ್ಟಿದ್ದಾನೆ, ಕ್ರಿಯೆಗೆ ಕೂತವನು ಮುಟ್ಟಬಾರದಂತೆ. ಪತ್ರ ಬರೆಯಬಹುದೇ ಎಂದು ನಾನು ಯಾರನ್ನೂ ಕೇಳಲಿಲ್ಲ.

ಕೆಲಸ ಯಾಕೆ ಮುಂದೆ ಹೋಯಿತು ಎಂದು ದಾರಿಯಲ್ಲಿ ಜನ ನಿಮಗೆ ಏನೇನೋ ಹೇಳುತ್ತಾರೆ. ಮುದುಕ ಬಾಯಿಚಪಲಕ್ಕೆ ಉಪ್ಪು ತಿಂದ ಎನ್ನುತ್ತಾರೆ. ತಿಂದದ್ದು ನಿಜ. ಚಪಲ ಸುಳ್ಳು.

ನೀವು ಅವಳ ಚಿತೆಗೆ ಬಟ್ಟೆ ಹೊದಿಸಿ ಹೋದ ದಿನವೇ ನನ್ನನ್ನು ಮೂಲೆಯಲ್ಲಿ ಹುಲ್ಲಿನ ಮೇಲೆ ಕೂರಿಸಿದರು. ಮಕ್ಕಳಿಲ್ಲದವನು ಹೆಂಡತಿಗೆ ತಾನೇ ಕೂರಬೇಕಲ್ಲ. ಬಿಳಿ ಬಟ್ಟೆ. ಒಂದು ಹೊತ್ತು, ನಾನೇ ಬೇಯಿಸಿದ ಅನ್ನಕ್ಕೆ ತುಪ್ಪ. ಉಪ್ಪಿಲ್ಲ. ಯಾರನ್ನೂ ಮುಟ್ಟುವಂತಿಲ್ಲ. ಕಷ್ಟವೇನೂ ಆಗಲಿಲ್ಲ. ಬಂದವರೆಲ್ಲ ಅತ್ತರು. ಯಾರದೋ ಮನೆಯಲ್ಲಿ ಕೂತು ನೋಡಿದ ಹಾಗೆ ನಾನು ನೋಡಿದೆ. ಬುಟವಲ್ ಕ್ಯಾಂಪಸ್ಸಿನಲ್ಲಿ ಐ.ಎ. ಓದುವಾಗ ಇಂಗ್ಲಿಷ್ ಮೇಷ್ಟ್ರು ‘ಗ್ರೀಫ್’ ಅನ್‌ಕೌಂಟೆಬಲ್ ನೌನ್ ಎಂದು ಬರೆಸಿದ್ದರು. ಅನ್‌ಕೌಂಟೆಬಲ್ ಎಂದರೆ ಲೆಕ್ಕವಿಲ್ಲದ್ದೋ ಲೆಕ್ಕಕ್ಕೆ ಬಾರದ್ದೋ, ಈಗ ಮರೆತಿದೆ. ‘ಸಾಲ್ಟ್’ ಕೂಡ ಆ ಪಟ್ಟಿಯಲ್ಲೇ ಇತ್ತು ಅನ್ನಿಸುತ್ತದೆ. ಇರಲಿ, ಎಲ್ಲಿಗೋ ಹೋದೆ.

ಎಂಟನೆಯ ದಿನ ಶನಿವಾರ. ಪೀತಾಂಬರ ಕ್ರಿಯೆಯ ಸಾಮಾನು ತರಲು ಪೇಟೆಗೆ ಹೋಗಿದ್ದ. ಕೆಳಗಿನ ಮನೆಗಳ ಗೋಮಾ ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು. ಹೆಣ್ಣುಮಗು, ಇನ್ನೂ ನಡೆಯುವುದಿಲ್ಲ. ರಾತ್ರಿಯಿಂದ ವಾಂತಿ, ಭೇದಿ. ಕಣ್ಣು ಗುಳಿಬಿದ್ದಿತ್ತು. ಹೊಟ್ಟೆಯ ಚರ್ಮ ಚಿವುಟಿದರೆ ಹಾಗೇ ನಿಲ್ಲುತ್ತಿತ್ತು.

“ಬಾಜೆ, ಹೆಲ್ತ್ ಪೋಸ್ಟಿಗೆ ಬೀಗ, ಶನಿವಾರದ ರಜೆ ಅಲ್ವಾ. ಕಾಲು ತಾನಾಗೇ ಇಲ್ಲಿಗೆ ಬಂತು. ಯಾಮಕಲಾ ಬಜೈ ಇಲ್ಲ ಅನ್ನೋದು ಅಂಗಳಕ್ಕೆ ಬಂದ್ಮೇಲೆ ನೆನಪಾಯ್ತು” ಎಂದಳು.

ಯಾಮಕಲಾಳ ಆರೋಗ್ಯ ಸ್ವಯಂಸೇವಿಕೆಯ ಚೀಲ ಗೋಡೆಯ ಮೊಳೆಯಲ್ಲೇ ಇತ್ತು. ಎದ್ದು ತೆಗೆದೆ. ಭೇದಿಗೆ ನೀರಲ್ಲಿ ಕಲಸಿ ಕೊಡುವ ಜೀವನ್ ಜಲದ ಪೊಟ್ಟಣಗಳಿದ್ದವು. ಇಂಗ್ಲಿಷಿನಲ್ಲಿ ‘ಡಿಸಾಲ್ವ್’, ‘ಒನ್ ಲೀಟರ್’ ಎಂದು ಓದಿದೆ. ಓದಲು ಬಂತು, ಅಳೆಯುವ ಪಾತ್ರೆ ಯಾವುದೋ ತಿಳಿಯಲಿಲ್ಲ. ಅವಳು ಯಾವುದರಲ್ಲಿ ಅಳೆಯುತ್ತಿದ್ದಳೋ. ಇಷ್ಟು ವರ್ಷ ನನ್ನ ಕಣ್ಣೆದುರೇ ಕಲಸಿದಳು, ನಾನು ರೇಡಿಯೋ ಕೇಳುತ್ತಿದ್ದೆ. ಕುದಿಸಿ ಆರಿಸಿದ ನೀರನ್ನು ಅಂದಾಜಿನಲ್ಲಿ ತಾಮ್ರದ ಗಡಿಗೆಗೆ ಸುರಿದು ಪುಡಿ ಹಾಕಿದೆ.

ಆಗ ಅವಳು ಹೆಂಗಸರಿಗೆ ಹೇಳಿಕೊಡುತ್ತಿದ್ದ ಮಾತು ನೆನಪಾಯಿತು. ನಿಮ್ಮಿಬ್ಬರಿಗೂ ಒಂದೇ ತರಬೇತಿಯಲ್ಲಿ ಕಲಿಸಿದ್ದಂತೆ: ನಾಲಿಗೆಗೆ ಹಚ್ಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಮಗುವಿಗೆ ಕೊಡಬೇಡಿ, ಅದೇ ವಿಷವಾಗುತ್ತದೆ.

ಗೋಮಾಗೆ ನೋಡಲು ಹೇಳಿದೆ. ಬೆರಳದ್ದಿ ನಾಲಿಗೆಗಿಟ್ಟಳು. ಮತ್ತೆ ಇಟ್ಟಳು. “ತಿಳೀತಿಲ್ಲ ಬಾಜೆ! ಬೆಳಗ್ಗಿಂದ ಅತ್ತೂ ಅತ್ತೂ ಬಾಯೆಲ್ಲ ಉಪ್ಪಾಗಿದೆ. ನೀವೇ ನೋಡಿ ಹೇಳಿ” ಎಂದಳು. ನಾನು ಕ್ರಿಯೆಗೆ ಕೂತವನು ಎಂದೆ. ಅವಳಿಗೆ ಸಿಟ್ಟು ಬಂತು. “ಹೋದವರಿಗೆ ಕೂತಿದ್ದೀರಿ, ಸರಿ. ಇದು ಇನ್ನೂ ಹೋಗಿಲ್ಲವಲ್ಲ!”

ಕುಡಿದೆ. ಎಂಟು ದಿನ ಉಪ್ಪು ಕಾಣದ ನಾಲಿಗೆ ಮಿತಿನಿಜ್ಯೂ, ಬೆಂಕಿ ಇಟ್ಟ ಹಾಗಾಯಿತು. ಇದು ಹೆಚ್ಚೋ, ನನ್ನ ನಾಲಿಗೆಗೆ ಹೆಚ್ಚೋ? ಕಣ್ಣೀರಿನ ಜೊತೆ ಹೋಲಿಸೋಣವೆಂದರೆ ನನಗದು ಬಂದೇ ಇರಲಿಲ್ಲ. ನೀರು ಬೆರೆಸಿದೆ, ಕುಡಿದೆ. ಇನ್ನಷ್ಟು ಬೆರೆಸಿದೆ, ಮತ್ತೆ ಕುಡಿದೆ. ಕೊನೆಗೆ ಗೋಮಾಳ ಕೆನ್ನೆಗೆ ಬೆರಳು ತಾಗಿಸಿ ನೆಕ್ಕಿದೆ. ಅವಳು ಹಿಂದೆ ಸರಿಯಲಿಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ಅನ್ನಿಸಿತು. ಮಗುವನ್ನು ನನ್ನ ತೊಡೆಯ ಮೇಲೆ ಹಾಕಿಕೊಂಡು ಚಮಚದಲ್ಲಿ ಕೊಟ್ಟೆ. ಕಕ್ಕಿತು. ಸ್ವಲ್ಪ ಬಿಟ್ಟು ಮತ್ತೆ ಕೊಟ್ಟೆ. ಇಳಿಹೊತ್ತಿಗೆ ನನ್ನ ಬಿಳಿ ಪಂಚೆಯ ಮೇಲೆ ಉಚ್ಚೆ ಹೊಯ್ದಿತು. ಗೋಮಾ ನಕ್ಕಳು, ಅತ್ತಳು. ನಾನು ಪಂಚೆ ಹಿಂಡಿದೆ. ಮರುದಿನ ಹೆಲ್ತ್ ಪೋಸ್ಟಿಗೆ ಒಯ್ದು ತೋರಿಸಿದ್ದಾಳೆ. ಬದುಕುತ್ತದೆಯಂತೆ. ಹಿಗ್ಗಬೇಕೆಂದು ಗೊತ್ತು.

ಭಾನುವಾರ ಪಂಡಿತರು ಬಂದರು. ಉಪ್ಪು ಒಳಗೆ ಹೋಗಿದೆ, ಮಗುವನ್ನು ಮುಟ್ಟಿದ್ದೂ ಆಗಿದೆ, ಮೊದಲಿನಿಂದ ಕೂರಬೇಕು ಎಂದು ತೀರ್ಮಾನವಾಯಿತು. ಪೀತಾಂಬರ ಹಣೆ ಚಚ್ಚಿಕೊಂಡ. “ಅಣ್ಣಾ, ನಾಲಿಗೆಗೆ ಹಚ್ಚಿ ಉಗುಳೋಕೆ ಏನಾಗಿತ್ತು ನಿನಗೆ? ಊರಿಗೆಲ್ಲ ಹೇಳಿಬಿಟ್ಟಿದ್ದೀನಿ ಗುರುವಾರ ಅಂತ!” ಉಗುಳುವುದು ನನಗೆ ಹೊಳೆಯಲಿಲ್ಲ. ನಿನ್ನೆಯಿಂದ ಮತ್ತೆ ಮೊದಲನೆಯ ದಿನ. ಅದೇ ಹುಲ್ಲು, ಅದೇ ಅನ್ನ.

ಇಲ್ಲಿಯ ಅಮ್ಮಂದಿರ ಗುಂಪು ಯಾಮಕಲಾಳ ಜಾಗಕ್ಕೆ ಇನ್ನೂ ಯಾರನ್ನೂ ಆರಿಸಿಲ್ಲ. ಶನಿವಾರ ಬಂದಾಗ ಒಂದು ಕೆಲಸ ಮಾಡಿಕೊಡಿ: ನಮ್ಮ ಮನೆಯ ಪಾತ್ರೆಗಳಲ್ಲಿ ಒಂದು ಲೀಟರಿನದು ಯಾವುದೆಂದು ಹುಡುಕಿ ಗೋಮಾಳ ಕೈಗೆ ಕೊಡಿ. ಅವಳನ್ನು ತಿದ್ದಿದರೆ ಚುರುಕಾಗುತ್ತಾಳೆ.

ಕಾಲುದಾರಿ ಜಾರುತ್ತಿದೆ, ಮೇಲಿನ ದಾರಿಯಲ್ಲಿ ಬನ್ನಿ.

ನಿಮ್ಮ ಮಿತಿನಿಯ ಮನೆಯಿಂದ,
ಹೋಮನಾಥ ಭುಸಾಲ್

ಮತ್ತೆ ಬರೆದದ್ದು: ಮೇಲೆ ‘ತೀರ್ಮಾನವಾಯಿತು’ ಎಂದು ಬರೆದಿದ್ದೇನೆ. ಪಂಡಿತರು ಮೊದಲು ಹೇಳಿದ್ದು ಬೇರೆ. “ಔಷಧಕ್ಕೆ ದೋಷವಿಲ್ಲ ಹೋಮನಾಥ, ಕೈಕಾಲು ತೊಳಕೊಂಡು ಮುಂದುವರಿಸು” ಎಂದಿದ್ದರು. ಅದು ಔಷಧವಲ್ಲ, ಉಪ್ಪೇ, ನನಗೆ ರುಚಿಸಿತು ಎಂದು ಹಠ ಹಿಡಿದು ಮೊದಲಿನಿಂದ ಕೂರಿಸಿಕೊಂಡವನು ನಾನು. ಹದಿಮೂರು ಮುಗಿದ ಮರುದಿನ ಬೆಳಿಗ್ಗೆ ಎದ್ದು ಏನು ಮಾಡುವುದೆಂದು ಯೋಚಿಸಿದ್ದೆ. ಏನೂ ತೋಚಿರಲಿಲ್ಲ. ಪೀತಾಂಬರನಿಗೆ ಹೇಳಬೇಡಿ.