ಚೀಫ್ ಹಚ್ಚಿದ ಬೆಂಕಿ

ಗ್ಯಾಲ್ವೆಸ್ಟನ್, ಟೆಕ್ಸಾಸ್
ಮಾರ್ಚ್ ಆರು

ನನ್ನ ಮುದ್ದು ಅಮ್ಮಾ,

ಹೇಗಿದೀಯ? ಮಂಡಿನೋವು ಕಮ್ಮಿ ಆಯ್ತಾ? ಬೈಬೇಡ, ತಪ್ಪಾಯ್ತು. ನಿನ್ನ ವಾಯ್ಸ್ ನೋಟ್ ಎಲ್ಲಾ ಕೇಳಿದೀನಿ, ಉತ್ತರ ಕೊಡಕ್ಕಾಗ್ಲಿಲ್ಲ ಅಷ್ಟೇ. ಇಲ್ಲಿ ನಡುರಾತ್ರಿ, ಅಲ್ಲಿ ಬಾಕುನಲ್ಲಿ ನೀನು ಚಹಾ ಕುಡೀತಿರ್ತೀಯ. ಲೋಟ ಕೆಳಗಿಟ್ಟು ಕೇಳು. ನಂಗೆ ಖುಷಿಗೆ ನಿದ್ದೆ ಬರ್ತಿಲ್ಲ. ಇವತ್ತಿಂದ ಒಲೆ ನಂದು, ಅಮ್ಮಾ. ಚೀಫ್ ನಂಗೇ ಬಿಟ್ಕೊಟ್ರು.

ಚೀಫ್ ಅಂದ್ರೆ ನಮ್ಮ ಯಜಮಾನ್ರು, ಸೋಲ್ ಲುಬೆಟ್ಕಿನ್. ಹೆಸರು ಹಿಡಿದು ಕರೆದ್ರೆ ಅವ್ರು ತಿರುಗೂ ನೋಡಲ್ಲ. ಇದೇ ಊರಿನ ಯಹೂದಿ ದರ್ಜಿ ಮಗ. ಮೀಸೆ ಮೂಡೋ ಹೊತ್ತಿಗೆ ನೌಕಾಪಡೆ ಸೇರಿ, ಅರ್ಧ ಆಯಸ್ಸು ಹಡಗಿನ ಹೊಟ್ಟೇಲಿ ಬಾಯ್ಲರ್ ಕಾದವ್ರು. ಹಡಗಲ್ಲಿ ದಿನಾ ಹಂದಿ ಮಾಂಸ. ಯಹೂದಿ ಅದನ್ನ ಮುಟ್ಟಬಾರ್ದಲ್ಲ, ಇವ್ರು ಮೀನಿನ ಡಬ್ಬಿ ಬಿಸಿ ಪೈಪಿನ ಮೇಲಿಟ್ಕೊಂಡು ಒಬ್ರೇ ತಿಂತಿದ್ರಂತೆ. 'ಏನ್ ಸ್ವಾಮಿ, ರಬ್ಬಿಗಳ ಊಟ ಆಯ್ತಾ' ಅಂತ ಜೊತೆಯವ್ರು ರೇಗಿಸ್ತಿದ್ರಂತೆ. ಹಾಗೆ ರೇಗಿಸ್ತಿದ್ದ ವರ್ನೆಲ್ ಅನ್ನೋನೇ ಒಂದು ರಜೇಲಿ ಮನೆಗೆ ಕರ್ಕೊಂಡು ಹೋದ. ಅವನ ತಾಯಿ ಹಿತ್ತಲಲ್ಲಿ ದನದ ಎದೆಮಾಂಸಾನ ಹೊಗೇಲಿ ಬೇಯಿಸ್ತಿದ್ರು. ಇವ್ರು ಮಾಂಸ ನೋಡ್ಲೇ ಇಲ್ವಂತೆ, ಹೊಗೆ ನೋಡ್ತಾ ನಿಂತ್ರಂತೆ. ಬಾಯ್ಲರಲ್ಲೂ ಅಷ್ಟೇ ಅಲ್ವಾ, ಹೊಗೆ ಕಪ್ಪಾದ್ರೆ ಗಾಳಿ ಸಾಲದು, ಬಿಳಿಯಾದ್ರೆ ಗಾಳಿ ಜಾಸ್ತಿ, ಎರಡಕ್ಕೂ ಮೇಲಿನವ್ರ ಬೈಗುಳ. ಇದು ನನ್ನ ಕಸುಬೇ ಅಲ್ವಾ ಅನ್ನಿಸ್ತಂತೆ. ನಿವೃತ್ತಿ ಆದಮೇಲೆ ಗುಜರಿ ಟ್ಯಾಂಕ್ ಕೊಯ್ದು ಒಲೆ ಮಾಡಿ, ಕೋಷರ್, ಅಂದ್ರೆ ಯಹೂದಿ ನಿಯಮಕ್ಕೆ ಒಪ್ಪೋ ಮಾಂಸ ಮಾತ್ರ ಬೇಯಿಸೋ ಅಂಗಡಿ ತೆಗೆದ್ರು. ಊರಿನ ಯಹೂದಿಗಳೆಲ್ಲ ಇಲ್ಲೇ ತಿನ್ನೋದು.

ನಾನು ಬಂದ ಹೊಸದ್ರಲ್ಲಿ ಎಷ್ಟು ಬೈಸ್ಕೊಂಡೆ ಗೊತ್ತಾ. ನಮ್ಮ ಶಶ್ಲಿಕ್ ಅಂದ್ರೆ ಕಡ್ಡಿಗೆ ಚುಚ್ಚಿದ ಮಾಂಸಾನ ಕೆಂಡದ ಮೇಲೆ ಚಕಚಕ ತಿರುಗಿಸೋದು, ಇದು ಇಡೀ ದಿನದ ಕೆಲಸ. ನಾನೋ ನಿಂತಲ್ಲಿ ನಿಲ್ಲದವಳು, ಗಳಿಗೆಗೊಂದ್ಸಲ ಮುಚ್ಚಳ ಎತ್ತೋದು. ಕೋಳಿ ತಿಪ್ಪೆ ಕೆದಕಿದಂಗೆ ಕೆದಕಬೇಡ, ಮಾಂಸ ನಿನ್ ಥರ ಓಡಿಹೋಗಲ್ಲ ಅಂತ ಅವ್ರು ಅಂದ್ರೆ, ನಾನು ಅಲ್ಲೇ ಅಡ್ಡಾಡ್ತಿದ್ದೆ. ಆಮೇಲೆ ಹೆಂಗೋ ಹೊಗೆ ಓದೋದು ಬಂತು. ಈಗ ನಮ್ಮ ಚಿಮಣಿ ಮೇಲೆ ಹೊಗೆ ಇದೆಯೋ ಇಲ್ವೋ ಅನ್ನಬೇಕು, ಅಷ್ಟು ತೆಳು.

ಆದ್ರೆ ಚೀಫ್‌ಗೆ ಶ್ವಾಸಕೋಶ ಕೆಟ್ಟಿದೆ. ಹಡಗಲ್ಲಿ ಪೈಪಿಗೆ ಸುತ್ತಿದ್ದ ಆಸ್ಬೆಸ್ಟಾಸ್‌ನ ಬಿಳಿ ಪುಡಿ ಒಳಗೆ ಹೋಗಿ ಕೂತಿದೆ. ಇನ್ಮೇಲೆ ಹೊಗೆ ಹತ್ರ ಹೋಗ್ಲೇಬಾರ್ದು ಅಂತ ಡಾಕ್ಟರ್ ಕಡ್ಡಾಯ ಮಾಡಿದ್ರು. ಅದಕ್ಕೆ ಇವತ್ತು ಬೆಳಿಗ್ಗೆ ಮೊದಲನೇ ಸಲ ಬೆಂಕಿ ನಾನೇ ಹಚ್ಚಿದೆ.

ಇವತ್ತೇ ಬರಬೇಕಾ ರಬ್ಬಿ? ಅಡುಗೆ ನಿಯಮದಂಗೆ ಇದೆಯಾ ಅಂತ ನೋಡಿ ಕೋಷರ್ ಸರ್ಟಿಫಿಕೇಟ್ ಕೊಡೋ ಯಹೂದಿ ಧರ್ಮಗುರು. ಚಿಕ್ಕ ವಯಸ್ಸು, ಗಡ್ಡ ಇನ್ನೂ ತುಂಬಿಲ್ಲ. ಬೆಂಕಿ ಹಚ್ಚಿದ್ಯಾರು ಅಂದ್ರು. ನಮ್ಮ ಯಹೂದಿ ಹುಡುಗಿನೇ, ಅಪ್ಪಂದು ಮಿಶಿಯೆವ್ ಮನೆತನ ಅಂದ್ರು ಚೀಫ್, ಹೆಮ್ಮೆಯಿಂದ. ರಬ್ಬಿ ಖುಷಿಯಾಗಿ ನನ್ನ ಕಡೆ ತಿರುಗಿ, ತಾಯಿ ಕಡೆಯವ್ರು ಯಾವೂರು ಅಂದ್ರು.

ಸೆವಿಲ್ ನನ್ನ ಅಮ್ಮ, ಬಾಕುವಿನ ಮುಸ್ಲಿಂ ಮನೆಯವಳು ಅಂತ ಹೇಳ್ದೆ.

ಅವ್ರ ಮುಖ ನೋಡಬೇಕಿತ್ತು, ಪಾಪ, ನನಗಿಂತ ಅವ್ರಿಗೇ ನೋವಾದಂಗಿತ್ತು. ತಾಯಿ ಯಹೂದಿ ಅಲ್ದಿದ್ರೆ ಮಗಳೂ ಅಲ್ಲ, ಯಹೂದಿ ಹಚ್ಚದ ಬೆಂಕೀಲಿ ಬೆಂದಿದ್ದು ಕೋಷರ್ ಅಲ್ಲ ಅಂದ್ರು. ಶಾಲೇಲಿ ಎಲ್ರೂ ನನ್ನ ಯಹೂದಿ ಹುಡುಗಿ ಅಂತ ಕಾಡಿದ್ದಕ್ಕೆ ಒಂದು ರಸೀದಿನಾದ್ರೂ ತರಬೇಕಿತ್ತು ನಾನು. ಚೀಫ್ ರಬ್ಬಿ ಮೇಲೆ ರೇಗಿದ್ರು. ನೀನು ಹುಟ್ಟಿದ ಎಂಟನೇ ದಿನದ ಶಾಸ್ತ್ರಕ್ಕೆ ನಿಮ್ಮನೆ ಊಟ ಬಡಿಸಿದ್ದು ಇದೇ ಒಲೆ ಅಂದ್ರು. ಅದಕ್ಕೇ ಸುಳ್ಳು ಹೇಳಕ್ಕಾಗ್ತಿಲ್ಲ ಅಂದ್ರು ರಬ್ಬಿ.

ನಾನು ಏಪ್ರನ್ ಬಿಚ್ಚಿದೆ. ಬಸ್ ಎಷ್ಟೊತ್ತಿಗೆ ಅಂತಾನೂ ತಲೇಲಿ ಬಂತು. ನಂಗೆ ಊರು ಬಿಡೋದು ಹೊಸದಾ?

"ಹಾಕ್ಕೋ ಅದನ್ನ," ಅಂದ್ರು ಚೀಫ್. "ಸಮುದ್ರದ ಮಧ್ಯ ಯಾರೂ ಹಡಗಿಂದ ಇಳಿಯಲ್ಲ."

ಆಮೇಲೆ ರಬ್ಬಿ ಕಡೆ ತಿರುಗಿ ಕೇಳಿದ್ರು: ಹಡಗಲ್ಲಿ ಎಲ್ಲಾ ಬಾಯ್ಲರ್ ಒಟ್ಟಿಗೆ ಆರಿಸ್ತಿರಲಿಲ್ಲ, ಒಂದು ಉರೀತಿದ್ರೆ ಅದರಿಂದ ಇನ್ನೊಂದು ಹಚ್ಚೋದು. ನಾನು ಒಂದ್ಸಲ ದೀಪ ಹಚ್ತೀನಿ. ಇವಳು ದಿನಾ ಅದರಿಂದ ಒಲೆ ಹಚ್ಲಿ. ಅದು ಯಾರ ಬೆಂಕಿ?

ರಬ್ಬಿ ಬೀದಿಗೆ ಹೋಗಿ ತಮ್ಮ ಗುರುಗಳಿಗೆ ಫೋನ್ ಮಾಡಿದ್ರು. ಅಮ್ಮಾ, ಆ ಹೊತ್ತು ನನ್ನೆದೆ ಹೊಡ್ಕೊಂಡಿದ್ದು ನಿಂಗೇ ಕೇಳಿಸಿರಬೇಕು. ಗಾಜಿನಾಚೆ ಬರೀ ತಲೆ ಆಡಿಸ್ತಾರೆ, ಹೌದು ಅಂತಲೋ ಇಲ್ಲ ಅಂತಲೋ ತಿಳೀತಿಲ್ಲ. ಒಳಗೆ ಬಂದು, ಆ ದೀಪ ಆರದೇ ಇರೋವರೆಗೂ ಅದು ಚೀಫ್ ಬೆಂಕಿನೇ ಅಂದ್ರು.

ಇವತ್ತಿನ ಮಾಂಸ ಅಗ್ನಿಶಾಮಕದವ್ರಿಗೆ ಹೋಯ್ತು. ತಿಂದು ಬೆರಳು ಚೀಪ್ಕೊಂಡು, ದಿನಾ ಹಿಂಗೇ ನಿಯಮ ಮುರೀರಿ ಅಂದ್ರಂತೆ. ಒಲೆ ಪೂರ್ತಿ ಆರಿಸಿ ತೊಳೆದ್ವಿ. ಚೀಫ್ ಮನೆಯಿಂದ ಹಳೇ ಹಡಗಿನ ಲಾಟೀನು ತಂದ್ರು. ಶನಿವಾರ ಯಹೂದಿಗಳ ವಿಶ್ರಾಂತಿ ದಿನ, ಬೆಂಕಿ ಯಾರೂ ಮುಟ್ಟೋ ಹಾಗಿಲ್ಲ, ಬೇಕಾಗೂ ಇಲ್ಲ, ಶುಕ್ರವಾರ ಸೂರ್ಯ ಮುಳುಗೋ ಮುಂಚೆ ಎಣ್ಣೆ ತುಂಬಿಸಿದ್ರೆ ಭಾನುವಾರದವರೆಗೂ ಉರಿಯತ್ತೆ. ಸಮುದ್ರದ ಗಾಳಿಗೆ ಅವ್ರು ಗೀರಿದ ಕಡ್ಡಿ ಆರಿ ಆರಿ ಹೋಯ್ತು. ನಾನು ಎರಡೂ ಅಂಗೈ ಅಡ್ಡ ಹಿಡಿದೆ. ಹತ್ತಿತು. ಅದರಿಂದ ಓಕ್ ಸಿಬಿರು ಹಚ್ಚಿ ಒಲೆಗಿಟ್ಟೆ. ಚೀಫ್ ದೂರ ಕುರ್ಚೀಲಿ ಕೂತು ಚಿಮಣಿ ನೋಡಿದ್ರು, ಏನೂ ಬೈಲಿಲ್ಲ. ಅವ್ರು ಬೈಲಿಲ್ಲ ಅಂದ್ರೆ ಬಹುಮಾನ ಬಂತು ಅಂತ.

ಅದಕ್ಕೆ ಹೊಸವರ್ಷದ ನವ್ರೂಜ್ ಹಬ್ಬಕ್ಕೆ ಬರ್ತೀನಿ ಅಂದಿದ್ದು ಆಗಲ್ಲ. ಲಾಟೀನು ಬಿಟ್ಟು ಬರೋ ಹಾಗಿಲ್ಲ. ನಾನು, ಒಂದೂರಲ್ಲಿ ಚಪ್ಪಲಿ ಸವೆಸದವಳು, ಒಂದು ದೀಪಕ್ಕೆ ಕಟ್ಟುಬಿದ್ದಿದೀನಿ, ನಗು. ಹಬ್ಬದ ಬೆಂಕಿ ಮೇಲಿಂದ ಹಾರಿ ದಾಟುವಾಗ ನನ್ನ ಹೆಸರಲ್ಲೂ ಒಂದ್ಸಲ ಹಾರು, ಮಂಡಿ ಹುಷಾರು. ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ.

ನಿನ್ನ,
ಗುನಾಯ್

ಮರೆತಿದ್ದು: ಮುಗಿಸಿದ್ದೆ, ಮತ್ತೆ ಬರೀತಿದೀನಿ. ಅಪ್ಪನ್ನ ಅವನ ಹಳ್ಳೀಲಿ ಮಣ್ಣು ಮಾಡಿದ ದಿನ ಪಕ್ಕದ ಜಾಗ ನಂಗಿರ್ಲಿ ಅಂತ ನೀನು ಕೇಳ್ದೆ, ದೊಡ್ಡಪ್ಪ ಆಗಲ್ಲ ಅಂದ. ಅವನ ಕೆಟ್ಟತನ ಅಂದ್ಕೊಂಡು ಬಾಯಿಗೆ ಬಂದಂಗೆ ಬೈದಿದ್ದೆ. ಯಹೂದಿ ಅಲ್ಲದವ್ರನ್ನ ಅವ್ರ ಸ್ಮಶಾನದಲ್ಲಿ ಮಣ್ಣು ಮಾಡಲ್ಲ, ಅದು ನಿಯಮ ಅಂತೆ, ಅಮ್ಮಾ. ಅಪ್ಪನ ಪಕ್ಕ ನಂಗೂ ಜಾಗ ಇಲ್ಲ ಅಂತ ಇವತ್ತು ಗೊತ್ತಾಯ್ತು. ನಿಂಗೆ ಅಂತ ಎಲ್ಲಾದ್ರೂ ಜಾಗ ನೋಡಿದ್ರೆ ಇಬ್ರಿಗಾಗೋಷ್ಟು ನೋಡು.