ಇಂದು ಸಂದೇಶವಿಲ್ಲ

ವಾಲ್ನಟ್ ಕ್ರೀಕ್
16 ಅಕ್ಟೋಬರ್ 2022, ಭಾನುವಾರ

ನಿಶ್ಮಿತಾಳ ಅಪ್ಪನವರಿಗೆ,

ಸುಗುಣಾಳ ನಮಸ್ಕಾರ. ನಾನು ಕ್ಷೇಮ, ನಿಮ್ಮ ಮಗಳೂ ಕ್ಷೇಮ. ನೀವೂ ಕ್ಷೇಮವೆಂದು ಅವಳು ಹೇಳಿದಳು. ಆದರೆ ಮೂರು ಹೊತ್ತೂ ಗಂಜಿ, ಉಪ್ಪಿನಕಾಯಿ ಎಂದೂ ಹೇಳಿದಳು, ಹಾಗಾಗಿ ಪೂರ್ತಿ ನಂಬಲಿಲ್ಲ. ಲಕೋಟೆಯ ಮೇಲೆ ಸರ್ವೋತ್ತಮ ಎಂದು ಬರೆಯುವಾಗ ಕೈ ತಡೆಯಿತು. ಗಂಡನ ಹೆಸರು ಹಿಡಿದು ಅಭ್ಯಾಸವಿಲ್ಲ, ಎರಡು ವರ್ಷ ಬೇರೆ ಇದ್ದರೂ.

ನೀವು ಕಳಿಸಿದ ಮನೆ ಮಾರಾಟದ ಕಾಗದಪತ್ರ ಬಂತು. ಸಹಿ ಹಾಕಬೇಕಾದಲ್ಲೆಲ್ಲ ಹಳದಿ ಚೀಟಿ ಅಂಟಿಸಿದ್ದೀರಿ. ಜೊತೆಗೆ ಎರಡೇ ಸಾಲು: ನಿವೃತ್ತನಾಗಿದ್ದೇನೆ, ನೆವಾರ್ಕಿನ ಮನೆ ಒಬ್ಬನಿಗೆ ದೊಡ್ಡದು, ಮೂವತ್ತೊಂದರೊಳಗೆ ಸಹಿ ಮಾಡಿ ಕಳಿಸುವುದು. ಹದಿನೈದು ವರ್ಷ ನೌಕಾಪಡೆಯಲ್ಲಿ ಸಂದೇಶ ಕಳಿಸುವ ಕೆಲಸ, ಆಮೇಲೆ ನನ್ನ ನರ್ಸ್ ಕೆಲಸದ ಬೆನ್ನಿಗೆ ಈ ದೇಶಕ್ಕೆ ಬಂದು ಇಪ್ಪತ್ತೆರಡು ವರ್ಷ ಕೌಂಟಿ ಸರ್ಕಾರದ ಸಂಪರ್ಕಾಧಿಕಾರಿ. ಜನರಿಗೆ ಪ್ರಕಟಣೆ ಬರೆದು ಬರೆದು, ಹೆಂಡತಿಗೆ ಬರೆದ ಪತ್ರವೂ ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂಬ ಸೂಚನೆಯ ಹಾಗಿತ್ತು. ಓದಿ ಸಿಟ್ಟೂ ಬಂತು, ನಗುವೂ ಬಂತು. ಅದು ಹತ್ತು ದಿನದಿಂದ ಮೇಜಿನ ಮೇಲೇ ಇದೆ.

ಅದು ಬಂದಂದಿನಿಂದ ನನಗೆ ಒಂದೇ ಕನಸು. ನಮ್ಮ ಮನೆಯ ಹಿಂದಿನ ಉಪ್ಪಿನಾಗರಗಳ ಮೇಲೆ ಮಂಜು ಕವಿದಿದೆ. ನೀರು ಬೇಸಿಗೆಯಲ್ಲಿ ಆಗುವ ಹಾಗೆ ತಿಳಿ ಗುಲಾಬಿ. ಆಚೆ ದಂಡೆಯ ಮೇಲೆ ನೀವು, ಬಿಳಿ ಯೂನಿಫಾರ್ಮಿನಲ್ಲಿ, ಮದುವೆಯ ವರ್ಷದಷ್ಟೇ ತೆಳ್ಳಗೆ. ಎರಡು ಕೈಯಲ್ಲೂ ಬಾವುಟ ಹಿಡಿದು ಏನೋ ಹೇಳುತ್ತಿದ್ದೀರಿ. ನನಗೆ ಒಂದಕ್ಷರವೂ ತಿಳಿಯುವುದಿಲ್ಲ. ನಿಮ್ಮ ಹಡಗು ಹೊರಡುವಾಗ ವಿಶಾಖಪಟ್ಟಣದ ಕ್ವಾರ್ಟರ್ಸಿನ ತಾರಸಿಯ ಮೇಲೆ ನಿಂತು ಮಾಡುತ್ತಿದ್ದ ಹಾಗೆ, ಕೈಯಲ್ಲಿದ್ದ ಒದ್ದೆ ಟವೆಲನ್ನೇ ಬೀಸುತ್ತೇನೆ. ಬೆಳ್ಳಕ್ಕಿಗಳು ಮೆಲ್ಲನೆ ಏಳುತ್ತವೆ, ಎಷ್ಟು ಹೊತ್ತಾದರೂ ಮುಗಿಯದಷ್ಟು ಬೆಳ್ಳಕ್ಕಿಗಳು. ಅಷ್ಟರಲ್ಲಿ ಬಾರ್ಟ್ ರೈಲಿನ ಸದ್ದಿಗೆ ಎಚ್ಚರ. ಎದ್ದ ಮೇಲೂ ತೋಳು ನೋಯುತ್ತಿರುತ್ತದೆ.

ನಿಶ್ಮಿತಾ ಹೊಟ್ಟೆಯಲ್ಲಿದ್ದಾಗ ಉಡುಪಿಯ ಎಸ್‌ಟಿಡಿ ಬೂತಿನಿಂದ ನಿಮಗೆ ಫೋನು ಮಾಡಿದ್ದು ನೆನಪಿದೆಯೇ? ನಾನು ಪಿಸುಗುಟ್ಟಿ ಹೇಳಿದೆ. ನೀವು ನೌಕಾನೆಲೆಯ ರೇಡಿಯೋ ಕೋಣೆಯಲ್ಲಿ ಎಲ್ಲರಿಗೂ ಕೇಳುವಂತೆ, ಸುಗುಣಾ ಗರ್ಭಿಣಿ, ಎರಡನೆಯ ತಿಂಗಳು, ಸರಿಯೇ ಎಂದು ನನ್ನ ಮಾತನ್ನೇ ನನಗೆ ಮರಳಿ ಓದಿದಿರಿ. ನಾಚಿಕೆಯಿಂದ ಸತ್ತೇ ಹೋದೆ. ರಜೆಗೆ ಬಂದಾಗ ಜಗಳವಾಡಿದೆ. ಆಗ ನೀವು ಹೇಳಿದಿರಿ, ಸಾಮಾನ್ಯ ಸಂದೇಶಕ್ಕೆ ಬರೀ ‘ಸಿಕ್ಕಿತು’ ಎಂದರೆ ಸಾಕು, ಒಂದು ಮಾತು ತಪ್ಪಿದರೂ ಜೀವಕ್ಕೆ ಕುತ್ತು ಬರುವಂಥದ್ದನ್ನು ಮಾತ್ರ ಮರಳಿ ಓದುತ್ತೇವೆ ಎಂದು. ಆ ದಿನ ಕರಗಿ ನೀರಾಗಿದ್ದೆ. ಆಮೇಲೆ ಮರೆತೆ.

ನನ್ನ ಅಮ್ಮ ಹೋದದ್ದು ಇಲ್ಲಿ ಆಕಾಶ ಕಿತ್ತಳೆಯಾದ ದಿನ. ಕಾಡಿನ ಬೆಂಕಿಯ ಹೊಗೆಗೆ ಬೆಳಗೇ ಆಗಲಿಲ್ಲ. ಕೊರೋನಾ ಕಾಲ, ಊರಿಗೆ ಹೋಗುವ ದಾರಿಯಿಲ್ಲ. ನೀವು ಹಿಂದಿನ ದಿನದಿಂದ ಕೌಂಟಿಯ ತುರ್ತು ನಿಯಂತ್ರಣ ಕೋಣೆಯಲ್ಲಿ ಕೆಲಸದ ಮೇಲಿದ್ದಿರಿ. ಫೋನು ಮಾಡಿ ಅಮ್ಮ ಹೋದರು ಎಂದೆ. ಉಡುಪಿಯಲ್ಲಿ ಅಮ್ಮ ತೀರಿಕೊಂಡರು, ಇಲ್ಲಿ ಸಮಯ ಆರು ಹತ್ತು ಎಂದು ಮರಳಿ ಓದಿ ಫೋನು ಇಟ್ಟಿರಿ. ಮನೆಗೆ ಬಂದದ್ದು ಮರುದಿನ ಸಂಜೆ, ಅಂಗಿಯ ತುಂಬ ಬೂದಿ. ಅಮ್ಮನ ಸಾವನ್ನೂ ಈ ಮನುಷ್ಯ ಪ್ರಕಟಣೆ ಮಾಡಿಬಿಟ್ಟರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ತಿಂಗಳು ಕಳೆಯುವುದರೊಳಗೆ ಎರಡು ಬ್ಯಾಗು ತುಂಬಿಕೊಂಡು ಮಗಳ ಅಪಾರ್ಟ್‌ಮೆಂಟಿಗೆ ಬಂದೆ.

ಕಳೆದ ಭಾನುವಾರ ನಿಶ್ಮಿತಾ ನನ್ನ ಹೊಲಿಗೆ ಯಂತ್ರ ತರಲು ನಿಮ್ಮಲ್ಲಿಗೆ ಬಂದಿದ್ದಳಲ್ಲ, ನೀವು ಗರಾಜಿನಲ್ಲಿ ಅದನ್ನು ಹುಡುಕುತ್ತಿದ್ದಾಗ ಅವಳು ಅಡುಗೆಮನೆಯ ಫೋನಿನ ಪಕ್ಕದ ದಪ್ಪ ಪುಸ್ತಕ ತೆರೆದಳಂತೆ. ಪುಟಗಳ ಫೋಟೋ ತೆಗೆದು ತಂದು ತೋರಿಸಿದಳು. ಅವಳನ್ನು ಬೈಯಬೇಡಿ. ಹಡಗಿನಲ್ಲಿ ಬರೆಯುತ್ತಿದ್ದ ಹಾಗೆಯೇ ದಿನಾಂಕ, ಸಮಯ, ಸಂದೇಶ. ಮೊದಲ ಪುಟದಲ್ಲಿ, ಅಂದು ನಿಯಂತ್ರಣ ಕೋಣೆಯಲ್ಲೇ ಬರೆದದ್ದು: ‘6:10. ಸುಗುಣಾಳ ಅಮ್ಮ ತೀರಿಕೊಂಡರು. ಸುಗುಣಾ ಅಳಲಿಲ್ಲ. ಈಗಲೇ ಮನೆಗೆ ಹೋಗಬೇಕು. ನನ್ನ ಬದಲಿಗೆ ಯಾರೂ ಇಲ್ಲ.’ ನಾನು ಹೊರಟ ದಿನದಿಂದ ಮುಂದಕ್ಕೆ ದಿನಕ್ಕೊಂದು ಸಾಲು: ‘ಇಂದು ಸಂದೇಶವಿಲ್ಲ.’ ಚೌತಿಗೂ ಅದೇ, ದೀಪಾವಳಿಗೂ ಅದೇ, ನನ್ನ ಹುಟ್ಟುಹಬ್ಬಕ್ಕೂ ಅದೇ. ಎವ್ರಿ ಸಿಂಗಲ್ ಡೇ, ಅಮ್ಮಾ ಎಂದು ಹೇಳಿ ನಿಮ್ಮ ಮಗಳು ಕಿಟಕಿಯ ಕಡೆ ತಿರುಗಿದಳು. ನಾನು ಅಮ್ಮನಿಗಾಗಿ ಅಂದು ಅಳದಿದ್ದದ್ದನ್ನೆಲ್ಲ ಈಗ ಅತ್ತೆ.

ಆದರೂ ಕೇಳುತ್ತೇನೆ ಮಾರಾಯರೇ, ಸಂದೇಶವಿಲ್ಲ ಎಂದು ಎರಡು ವರ್ಷ ಬರೆದಿಡುವ ಬದಲು ನೀವೇ ಒಂದು ಕಳಿಸಬಾರದಿತ್ತೇ? ನಡುವೆ ಸಮುದ್ರವಿರಲಿಲ್ಲ, ಮುಕ್ಕಾಲು ಗಂಟೆಯ ಫ್ರೀವೇ ಅಷ್ಟೇ. ಅಂದು ನೀವು ಬರಬೇಕಿತ್ತು. ಆ ಸಿಟ್ಟು ಇನ್ನೂ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಅಂದು ನೀವು ಬರೀ ‘ಸಿಕ್ಕಿತು’ ಎನ್ನಲಿಲ್ಲ, ಮರಳಿ ಓದಿದಿರಿ. ಅದು ನನಗೆ ಹೊಳೆಯಲು ಇಷ್ಟು ದಿನ ಬೇಕಾಯಿತು.

ಕಾಗದಪತ್ರವನ್ನು ಇದರ ಜೊತೆಗೇ ಹಿಂದೆ ಕಳಿಸುತ್ತಿದ್ದೇನೆ. ಸಹಿ ಮಾಡಿಲ್ಲ. ಹಳದಿ ಚೀಟಿಗಳನ್ನೆಲ್ಲ ಕಿತ್ತಿದ್ದೇನೆ. ಬರುವ ಶನಿವಾರ ಹನ್ನೊಂದು ಗಂಟೆಗೆ ನಿಶ್ಮಿತಾಳ ಕಾರಿನಲ್ಲಿ ಬರುತ್ತೇನೆ, ಎರಡು ಬ್ಯಾಗು, ಒಂದು ಹೊಲಿಗೆ ಯಂತ್ರ. ಈಗಷ್ಟೇ ಹೊತ್ತು ತಂದದ್ದನ್ನು ಮತ್ತೆ ಹೊರಬೇಕೇ ಎಂದು ಅವಳು ಗೊಣಗುತ್ತಿದ್ದಾಳೆ. ಪತ್ರ ಮುಟ್ಟಿದೊಡನೆ ಫೋನು ಮಾಡಿ ಇಷ್ಟನ್ನು ನನಗೆ ಮರಳಿ ಓದಿ. ಬರೀ ‘ಸಿಕ್ಕಿತು’ ಎಂದರೆ ಬರುವುದಿಲ್ಲ.

ನಿಮ್ಮ
ಸುಗುಣಾ

ತಾ.ಕ.: ನಿಮ್ಮ ಪುಸ್ತಕದಲ್ಲಿ ಒಂದು ತಪ್ಪಿದೆ. ಕಳೆದ ವರ್ಷ ಮಾರ್ಚ್ ಮೂರರಂದು, ‘ಸಂಜೆ 4:25. ಫೋನು ಎರಡು ಸಲ ರಿಂಗಾಗಿ ನಿಂತಿತು. ಯಾರದೋ ತಪ್ಪು ನಂಬರು. ಇಂದು ಸಂದೇಶವಿಲ್ಲ’ ಎಂದು ಬರೆದಿದ್ದೀರಿ. ನಂಬರು ತಪ್ಪಿರಲಿಲ್ಲ. ಮಾಡಿದವಳು ನಾನು. ದಯವಿಟ್ಟು ತಿದ್ದಿಕೊಳ್ಳಿ.